ಮಚ್ಚೆಯ ಸುತ್ತ ಕೂದಲು ಉದುರಿದಾಗ: ಮೊದಲು ತೋರಿಸಿ, ಆಮೇಲೆ ಹಚ್ಚಿ

ನನ್ನ ತಂಗಿಯ ಮಗಳಿಗೆ ಹದಿಮೂರು ವರ್ಷವಾಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ, ಎಣ್ಣೆನೀರಿಗೆಂದು ಅವಳನ್ನು ಮುಂದೆ ಕೂರಿಸಿಕೊಂಡಿದ್ದ ನನ್ನ ತಾಯಿ ಬಲಗಿವಿಯ ಮೇಲೆ ಒಂದು ಕಡೆ ಬೆರಳು ನಿಲ್ಲಿಸಿ ನನ್ನನ್ನು ಕರೆದರು. ಹುಟ್ಟಿನಿಂದಲೂ ಅಲ್ಲಿದ್ದ, ಉದ್ದಿನಕಾಳಿನಷ್ಟು ದೊಡ್ಡ ಕಂದು ಮಚ್ಚೆ ಹಾಗೆಯೇ ಇತ್ತು. ಅದರ ಮೇಲಿನ ಮೂರು ದಪ್ಪ ಕೂದಲುಗಳೂ ಎಂದಿನಂತೆ ನಿಂತಿದ್ದವು. ಆದರೆ ಅದರ ಸುತ್ತ, ಹತ್ತು ರೂಪಾಯಿ ನಾಣ್ಯವನ್ನಿಟ್ಟು ಗೆರೆ ಎಳೆದಂತೆ, ಒಂದೇ ಒಂದು ಕೂದಲೂ ಇರಲಿಲ್ಲ. ಚರ್ಮ ಕೆಂಪಾಗಿರಲಿಲ್ಲ, ಹೊಟ್ಟು ಏಳುತ್ತಿರಲಿಲ್ಲ, ಎಣ್ಣೆಗೈ ಜಾರುವಷ್ಟು ನುಣುಪಾಗಿತ್ತು. ಅವಳಿಗೆ ತುರಿಕೆಯೂ ಇರಲಿಲ್ಲ, ನೋವೂ ಇರಲಿಲ್ಲ.

"ಹುಳ ತಿಂದಿದೆ" ಎಂದರು ನನ್ನ ತಾಯಿ. ದುಂಡಗೆ ಕೂದಲು ಹೋದರೆ ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದೇ. ಅಂದು ಸಂಜೆಯೇ ಬೆಳ್ಳುಳ್ಳಿ ಜಜ್ಜಿ ಉಜ್ಜಿದ್ದಾಯಿತು. ಬೆಳಗಾಗುವಷ್ಟರಲ್ಲಿ ಆ ಜಾಗ ಸುಟ್ಟಂತಾಗಿ ನೀರುಗುಳ್ಳೆ ಎದ್ದಿತ್ತು. ಮೂರನೆಯ ದಿನ ಚರ್ಮವೈದ್ಯರ ಬಳಿಗೆ ಕರೆದೊಯ್ದಾಗ, ಈ ಗಾಯ ಮಾಯುವವರೆಗೆ ಮಚ್ಚೆಯ ವಿಷಯದಲ್ಲಾಗಲಿ ಕೂದಲಿನ ವಿಷಯದಲ್ಲಾಗಲಿ ಏನೂ ಹೇಳಲು ಬರುವುದಿಲ್ಲವೆಂದು ತಿಳಿಸಿ, ಎರಡು ವಾರ ಬಿಟ್ಟು ಬರಹೇಳಿದರು. ಮಚ್ಚೆ ಎಂಬ ಪದ ಕಿವಿಗೆ ಬಿದ್ದ ಮೇಲೆ ಕ್ಯಾನ್ಸರ್ ಎಂಬ ಪದ ಮನಸ್ಸಿಗೆ ಬರದೇ ಇರುವುದಿಲ್ಲ. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಅಂಥ ದಿನಗಳು ಇನ್ನೊಂದು ಮನೆಗೆ ಬರಬಾರದೆಂಬ ಕಾರಣಕ್ಕೆ, ಅಂದಿನಿಂದ ಕೇಳಿ ಓದಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಇದು ಏನು

ಮಚ್ಚೆಯನ್ನು ನಡುವಿಟ್ಟುಕೊಂಡು ಅದರ ಸುತ್ತ ಉಂಗುರದಂತೆ ಕೂದಲು ಉದುರುವುದಕ್ಕೆ ವೈದ್ಯರು ಪೆರಿನೀವಾಯ್ಡ್ ಅಲೋಪೇಶಿಯಾ ಎನ್ನುತ್ತಾರೆ. ನೀವಸ್ ಎಂದರೆ ಮಚ್ಚೆ; ಪೆರಿ ಎಂದರೆ ಸುತ್ತ; ಅಲೋಪೇಶಿಯಾ ಎಂದರೆ ಕೂದಲು ಉದುರುವಿಕೆ. ಇದು ತೀರಾ ಅಪರೂಪವಾದ್ದರಿಂದ ಅನೇಕ ಚರ್ಮವೈದ್ಯರು ತಮ್ಮ ವೃತ್ತಿಜೀವನದಲ್ಲಿ ಒಂದನ್ನೂ ನೋಡದಿರಬಹುದು. ಆದರೂ ಇದನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಮುಖ್ಯ ವರದಿಗಳಲ್ಲೊಂದು ನಮ್ಮ ನೆರೆಯ ಊರಿನದು: ಮದ್ರಾಸಿನ ಚರ್ಮವೈದ್ಯರಾದ ಪಿ. ಯೇಸುದಿಯನ್ ಮತ್ತು ಎ. ಎಸ್. ತಂಬಯ್ಯ ಅವರು 1976ರಲ್ಲಿ ಅಮೆರಿಕದ ಚರ್ಮವೈದ್ಯ ಪತ್ರಿಕೆಯೊಂದರಲ್ಲಿ ಇದನ್ನು ಅಲೋಪೇಶಿಯಾ ಏರಿಯಾಟಾದ ಒಂದು ಅಸಾಮಾನ್ಯ ಬಗೆ ಎಂದು ವಿವರಿಸಿದರು.

ಅಲೋಪೇಶಿಯಾ ಏರಿಯಾಟಾ ಅಪರೂಪದ್ದಲ್ಲ. ನೂರರಲ್ಲಿ ಸುಮಾರು ಇಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುವ, ತಲೆ, ಗಡ್ಡ ಅಥವಾ ಹುಬ್ಬಿನಲ್ಲಿ ದುಂಡಗೆ ಕೂದಲು ಉದುರುವ ತೊಂದರೆ ಇದು. ಆಯುರ್ವೇದದಲ್ಲಿ ಇಂದ್ರಲುಪ್ತ ಎಂದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಇಲ್ಲಿ ಹುಳವೂ ಇಲ್ಲ, ಸೋಂಕೂ ಇಲ್ಲ. ದೇಹವನ್ನು ಕಾಯಬೇಕಾದ ಬಿಳಿರಕ್ತಕಣಗಳು ಬೆಳೆಯುತ್ತಿರುವ ಕೂದಲಿನ ಬುಡವನ್ನೇ ಪರಕೀಯವೆಂದು ಭಾವಿಸಿ ಮುತ್ತಿಗೆ ಹಾಕುತ್ತವೆ; ಸೂಕ್ಷ್ಮದರ್ಶಕದಲ್ಲಿ ಆ ದೃಶ್ಯವು ಜೇನುಹುಳುಗಳು ಮುತ್ತಿದಂತೆ ಕಾಣುತ್ತದೆಂದು ರೋಗಶಾಸ್ತ್ರಜ್ಞರು ಹೇಳುತ್ತಾರೆ. ಬುಡ ಸಾಯುವುದಿಲ್ಲ, ಕೆಲಸ ನಿಲ್ಲಿಸುತ್ತದೆ ಅಷ್ಟೆ. ಆದ್ದರಿಂದಲೇ ಕೂದಲು ಮರಳಿ ಬರುವ ದಾರಿ ಮುಚ್ಚಿರುವುದಿಲ್ಲ.

ಹಾಗಾದರೆ ಮಚ್ಚೆಯ ಸುತ್ತಲೇ ಏಕೆ? ಇದಕ್ಕೆ ಎರಡು ವಿವರಣೆಗಳಿವೆ, ಮತ್ತು ವೈದ್ಯರಲ್ಲಿ ಒಮ್ಮತವಿಲ್ಲ. ಮೊದಲನೆಯದರ ಪ್ರಕಾರ ಮಚ್ಚೆಯಲ್ಲೂ ಕಪ್ಪು ಕೂದಲಿನ ಬುಡದಲ್ಲೂ ಇರುವ ಬಣ್ಣದ ಕೋಶಗಳು ಒಂದೇ ಮೂಲದವಾದ್ದರಿಂದ, ಮಚ್ಚೆಯ ವಿರುದ್ಧ ಎದ್ದ ದಾಳಿ ಅಕ್ಕಪಕ್ಕದ ಕೂದಲಿಗೂ ತಗಲುತ್ತದೆ. ಅಲೋಪೇಶಿಯಾ ಏರಿಯಾಟಾ ಸಾಮಾನ್ಯವಾಗಿ ಕಪ್ಪು ಕೂದಲನ್ನು ಮೊದಲು ಹಿಡಿದು ನರೆಗೂದಲನ್ನು ಬಿಟ್ಟುಬಿಡುವುದು ಈ ವಾದಕ್ಕೆ ಪೋಷಕವಾಗಿದೆ. ಎರಡನೆಯ ವಿವರಣೆ ಇದಕ್ಕೆ ತಿರುಗುಮುರುಗು: ಕೂದಲು ಬೇರೆ ಕಾರಣದಿಂದ ಉದುರಿದೆ, ಮಚ್ಚೆಯು ತನ್ನ ಮೇಲಿನ ಕೂದಲನ್ನು ಹೇಗೋ ಕಾಪಾಡಿಕೊಂಡು ನಡುಗಡ್ಡೆಯಂತೆ ಉಳಿದಿದೆ. ಹಳೆಯ ಚರ್ಮರೋಗವಿರುವವರಿಗೆ ಗೀರು ಬಿದ್ದ ಜಾಗದಲ್ಲೇ ಹೊಸ ಕಲೆ ಏಳುವುದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ. 1991ರಲ್ಲಿ ರುಡಾಲ್ಫ್ ಹ್ಯಾಪಲ್ ಮತ್ತು ಸಂಗಡಿಗರು ಅದಕ್ಕೆ ವಿರುದ್ಧವಾದ ಈ ಕಾಪಾಡುವಿಕೆಗೆ, ಕೋಬ್ನರ್ ಹೆಸರಿನ ರೋಮನ್ ಅಕ್ಷರಗಳನ್ನು ಹಿಂದುಮುಂದು ಮಾಡಿ, ರೆನ್‌ಬೋಕ್ ಎಂದು ಹೆಸರಿಟ್ಟರು. ಈ ಚರ್ಚೆ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಬೇಡಿ. ಮಚ್ಚೆಯನ್ನು ತೆಗೆಸಬೇಕೇ ಬೇಡವೇ ಎಂಬ ಪ್ರಶ್ನೆ ಮುಂದೆ ಬಂದಾಗ ಇದು ನೆನಪಾಗಬೇಕು: ಮಚ್ಚೆಯೇ ಅಪರಾಧಿಯೆಂದು ಯಾರೂ ಸಾಬೀತುಪಡಿಸಿಲ್ಲ.

ಮೊದಲ ಹೆಜ್ಜೆ: ಏನನ್ನೂ ಹಚ್ಚದಿರುವುದು

ಇದನ್ನೇ ಮೊದಲ ಹೆಜ್ಜೆಯಾಗಿ ಇಟ್ಟಿದ್ದೇನೆ, ಏಕೆಂದರೆ ನಾವು ಎಡವಿದ್ದು ಇಲ್ಲಿಯೇ. ಹಸಿ ಬೆಳ್ಳುಳ್ಳಿ ಮತ್ತು ಈರುಳ್ಳಿಯ ರಸ ಚರ್ಮವನ್ನು ಸುಡಬಲ್ಲವು. ಬಟ್ಟೆಗೆ ಗುರುತು ಹಾಕಲು ಹಿಂದೆ ಬಳಸುತ್ತಿದ್ದ ಕರಿಗೇರಿನ ರಸ ಇನ್ನೂ ಉಗ್ರ. ಗುಲಗಂಜಿಯನ್ನು ತೇದು ಹಚ್ಚುವ ರೂಢಿ ಕೆಲವು ಕಡೆ ಉಂಟು; ಗುಲಗಂಜಿಯಲ್ಲಿರುವ ಅಬ್ರಿನ್ ಎಂಬುದು ಪ್ರಾಣಕ್ಕೇ ಎರವಾಗಬಲ್ಲ ವಿಷ, ಸೀಳಿದ ಅಥವಾ ಗಾಯಗೊಂಡ ಚರ್ಮಕ್ಕೆ ಅದನ್ನು ಸೋಕಿಸಲೇಬಾರದು. ಮಚ್ಚೆಯನ್ನು ಉದುರಿಸಲೆಂದು ಸುಣ್ಣ ಮತ್ತು ಸೋಡಾ ಕಲಸಿ ಇಡುವುದು, ಅದಕ್ಕೆ ದಾರ ಬಿಗಿಯುವುದು, ಬ್ಲೇಡಿನಿಂದ ಕೆರೆಯುವುದು, ಇವೆಲ್ಲ ಮಚ್ಚೆಯ ಮೂಲರೂಪವನ್ನು ಕೆಡಿಸುತ್ತವೆ. ಹಾಗೆ ಕೆಟ್ಟ ಮಚ್ಚೆಯನ್ನು ನೋಡಿ ಅದು ಸಾಧುವೋ, ಅಂದರೆ ಕ್ಯಾನ್ಸರ್ ಅಲ್ಲದ್ದೋ, ಅಲ್ಲವೋ ಎಂದು ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ.

ಔಷಧದ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ, ಸ್ಟಿರಾಯ್ಡ್, ಶಿಲೀಂಧ್ರನಾಶಕ ಮತ್ತು ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ. ತೊಂದರೆ ನಿಜವಾಗಿ ಹುಳುಕಡ್ಡಿ ಎಂಬ ಶಿಲೀಂಧ್ರದ ಸೋಂಕಾಗಿದ್ದರೆ ಆ ಸ್ಟಿರಾಯ್ಡ್ ಅದರ ಮುಖಚಹರೆಯನ್ನು ಮರೆಮಾಡಿ ಒಳಗೊಳಗೇ ಹರಡಲು ಬಿಡುತ್ತದೆ.

ಎರಡನೆಯ ಹೆಜ್ಜೆ: ಹಗಲು ಬೆಳಕಿನಲ್ಲಿ ನೋಡುವುದು

ತಲೆ ತೊಳೆದು ಒಣಗಿಸಿ, ಎಣ್ಣೆ ಹಚ್ಚದೆ, ಕಿಟಕಿಯ ಪಕ್ಕದಲ್ಲಿ ಕೂರಿಸಿ. ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು: ಮಚ್ಚೆ ಹೇಗಿದೆ, ಬೋಳಾದ ಜಾಗ ಹೇಗಿದೆ. ಇವೆರಡನ್ನೂ ಕಲಸಿಕೊಂಡದ್ದರಿಂದಲೇ ನಮಗೆ ಅಷ್ಟು ಭಯವಾದದ್ದು.

ಮಚ್ಚೆಯ ಬಗ್ಗೆ ಹೇಳುವುದಾದರೆ, ಅದರ ನಡುವೆ ಗೆರೆ ಎಳೆದರೆ ಎರಡು ಅರ್ಧಗಳು ಒಂದಕ್ಕೊಂದು ಹೋಲುತ್ತವೆಯೇ, ಅಂಚು ನೇರವಾಗಿದೆಯೇ ಅಥವಾ ಕಚ್ಚುಕಚ್ಚಾಗಿದೆಯೇ, ಬಣ್ಣ ಒಂದೇ ಆಗಿದೆಯೇ ಅಥವಾ ಕಪ್ಪು, ಕಂದು, ಕೆಂಪು, ನೀಲಿ ಬೆರೆತಿವೆಯೇ, ಅಡ್ಡಳತೆ 6 ಮಿ.ಮೀ.ಗಿಂತ, ಅಂದರೆ ಹೆಚ್ಚುಕಡಿಮೆ ಪೆನ್ಸಿಲ್ಲಿನ ದಪ್ಪಕ್ಕಿಂತ, ಹೆಚ್ಚಿದೆಯೇ ಎಂದು ನೋಡಬೇಕು. ಹುಟ್ಟುಮಚ್ಚೆಗಳು ಇದಕ್ಕಿಂತ ದೊಡ್ಡದಾಗಿದ್ದೂ ನಿರಪಾಯಕಾರಿಯಾಗಿರಬಹುದು. ಹಾಗಾಗಿ ಈ ಎಲ್ಲಕ್ಕಿಂತ ತೂಕವಾದದ್ದು ಕೊನೆಯ ಪ್ರಶ್ನೆ: ಇತ್ತೀಚಿನ ತಿಂಗಳುಗಳಲ್ಲಿ ಅದು ಬದಲಾಗಿದೆಯೇ? ಬೆಳೆದಿದ್ದರೆ, ಬಣ್ಣ ತಿರುಗಿದ್ದರೆ, ರಕ್ತ ಒಸರಿದರೆ, ಹುಣ್ಣಾಗಿ ಮಾಯದಿದ್ದರೆ, ಕುತ್ತಿಗೆಯಲ್ಲಿ ಅಥವಾ ಕಿವಿಯ ಹಿಂದೆ ಗಂಟು ಸಿಕ್ಕಿದರೆ, ಮುಂದಿನ ಹೆಜ್ಜೆಗಳನ್ನು ಓದುತ್ತ ಕೂರದೆ ಆ ವಾರವೇ ವೈದ್ಯರನ್ನು ಕಾಣಬೇಕು. ಮೆಲನೋಮಾ ಎಂಬ ಮಚ್ಚೆಯ ಕ್ಯಾನ್ಸರ್ ಭಾರತೀಯರಲ್ಲಿ ವಿರಳ, ಬಂದರೂ ಅಂಗಾಲು, ಅಂಗೈ, ಉಗುರಿನಡಿ ಹೆಚ್ಚಾಗಿ ಕಾಣುತ್ತದೆ. ಆದರೆ ನೆತ್ತಿಯಲ್ಲಿ ಬಂದದ್ದು ಕೂದಲಿನ ಮರೆಯಲ್ಲಿ ತಡವಾಗಿ ಪತ್ತೆಯಾಗುತ್ತದೆ. ಮಚ್ಚೆಯ ಸುತ್ತ ಕೂದಲು ಹೋಯಿತೆಂಬುದೊಂದೇ ಕ್ಯಾನ್ಸರಿನ ಲಕ್ಷಣವಲ್ಲ ಎಂಬುದನ್ನೂ ಇಲ್ಲೇ ಒತ್ತಿ ಹೇಳಬೇಕು.

ಮಚ್ಚೆಯ ಸುತ್ತಲಿನ ಚರ್ಮ ಹಾಲುಬಿಳುಪಾಗಿದೆಯೇ ಎಂಬುದನ್ನೂ ಗಮನಿಸಿ. ಬಿಳಿ ಉಂಗುರವಿದ್ದರೆ ಅದು ಹೇಲೋ ನೀವಸ್ ಎಂಬ ಬೇರೆ ಸಂಗತಿ. ಅಲ್ಲಿ ಕೂದಲು ಉದುರುವ ಬದಲು ಬೆಳ್ಳಗಾಗುವುದುಂಟು. ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಅದು ಸಾಮಾನ್ಯವಾಗಿ ನಿರಪಾಯಕಾರಿ. ನಲವತ್ತು ದಾಟಿದವರಲ್ಲಿ ಹೊಸದಾಗಿ ಕಂಡರೆ ಮೈಯ ಚರ್ಮವನ್ನೆಲ್ಲ ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಬೋಳಾದ ಜಾಗದ ವಿಷಯಕ್ಕೆ ಬಂದರೆ, ಚರ್ಮ ನುಣುಪಾಗಿದ್ದು ಅಂಚಿನಲ್ಲಿ ಮೂರು ನಾಲ್ಕು ಮಿ.ಮೀ. ಉದ್ದದ, ತುದಿಯಲ್ಲಿ ದಪ್ಪಗೆ ಬುಡದಲ್ಲಿ ತೆಳ್ಳಗೆ ಇರುವ ಮೋಟುಗೂದಲುಗಳು ಕಂಡರೆ ಅದು ಅಲೋಪೇಶಿಯಾ ಏರಿಯಾಟಾದ ಗುರುತು. ಅವುಗಳ ಆಕಾರ ಬರವಣಿಗೆಯ ಆಶ್ಚರ್ಯಸೂಚಕ ಚಿಹ್ನೆಯಂತಿರುತ್ತದೆ. ಹೊಟ್ಟು, ತುರಿಕೆ, ಕೀವು ಇದ್ದರೆ ಹುಳುಕಡ್ಡಿಯನ್ನು ಶಂಕಿಸಬೇಕು, ಮುಖ್ಯವಾಗಿ ಮಕ್ಕಳಲ್ಲಿ. ಮುರಿದ ಕೂದಲುಗಳು ಬೇರೆ ಬೇರೆ ಉದ್ದದಲ್ಲಿದ್ದರೆ ಮಗು ತನಗರಿವಿಲ್ಲದೆ ಕೂದಲು ಕಿತ್ತುಕೊಳ್ಳುತ್ತಿರಬಹುದು, ಬೈಯದೆ ವಿಚಾರಿಸಿ. ಚರ್ಮ ಹೊಳೆಯುತ್ತ, ಕೂದಲಿನ ರಂಧ್ರಗಳೇ ಕಾಣದೆ ಗಾಯದ ಕಲೆಯಂತಿದ್ದರೆ ಅದು ಬುಡವನ್ನೇ ನಾಶಮಾಡುವ ಬಗೆ, ಅದಕ್ಕೆ ಚಿಕಿತ್ಸೆ ತಡವಾಗಬಾರದು.

ಇನ್ನೊಂದು ಗೊಂದಲ ಬಹಳ ಸಾಮಾನ್ಯ. ಹುಟ್ಟಿನಿಂದಲೇ ತಲೆಯಲ್ಲಿ ಹಳದಿ ಛಾಯೆಯ, ಕೂದಲಿಲ್ಲದ ಪಟ್ಟಿಯೊಂದು ಇದ್ದು, ಹರೆಯ ಬರುವ ವೇಳೆಗೆ ಅದು ದಪ್ಪಗೆ ತರಿತರಿಯಾಗುವುದುಂಟು. ಅದು ಸೆಬೇಶಿಯಸ್ ನೀವಸ್. ಅಲ್ಲಿ ಮಚ್ಚೆಯ ಮೇಲೆಯೇ ಕೂದಲಿರುವುದಿಲ್ಲ, ಮತ್ತು ಅದು ಎಂದೂ ಇರಲಿಲ್ಲ. ನಾವು ಹೇಳುತ್ತಿರುವುದರಲ್ಲಿ ಇದ್ದ ಕೂದಲು ಹೋಗಿರುತ್ತದೆ. ಮಗುವಿನ ಹಳೆಯ ಫೋಟೋಗಳನ್ನು, ಅದರಲ್ಲೂ ಕೇಶಮುಂಡನದ ದಿನದ ಫೋಟೋವನ್ನು ಹುಡುಕಿ ತೆಗೆದರೆ ಈ ಪ್ರಶ್ನೆ ಐದು ನಿಮಿಷದಲ್ಲಿ ಬಗೆಹರಿಯುತ್ತದೆ. ನಮಗೂ ಅದೇ ನೆರವಾದದ್ದು.

ಮೂರನೆಯ ಹೆಜ್ಜೆ: ಅಳತೆಯೊಂದಿಗೆ ಫೋಟೋ

ಹತ್ತು ರೂಪಾಯಿ ನಾಣ್ಯದ ಅಡ್ಡಳತೆ 27 ಮಿ.ಮೀ. ಅದನ್ನು ಪಕ್ಕದಲ್ಲಿ ಹಿಡಿದು ಒಂದು ಫೋಟೋ, ಮಚ್ಚೆಯನ್ನು ಹತ್ತಿರದಿಂದ ಒಂದು, ಇಡೀ ತಲೆಯನ್ನು ಹಿಂದಿನಿಂದ ಒಂದು ತೆಗೆದಿಡಿ. ಪ್ರತಿ ತಿಂಗಳೂ ಅದೇ ಕಿಟಕಿ, ಅದೇ ಹೊತ್ತು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ದಿನಾ ಕನ್ನಡಿ ನೋಡಿದರೆ ಆತಂಕವಷ್ಟೇ ಬೆಳೆಯುತ್ತದೆ.

ನಾಲ್ಕನೆಯ ಹೆಜ್ಜೆ: ಯಾರಿಗೆ ತೋರಿಸಬೇಕು, ಅಲ್ಲಿ ಏನಾಗುತ್ತದೆ

ಎಂ.ಬಿ.ಬಿ.ಎಸ್. ಆದ ಮೇಲೆ ಚರ್ಮರೋಗದಲ್ಲಿ ಎಂ.ಡಿ., ಡಿ.ವಿ.ಡಿ. ಅಥವಾ ಡಿ.ಎನ್.ಬಿ. ಮಾಡಿದವರನ್ನು ಕಾಣಿರಿ. ಖರ್ಚಿನ ಚಿಂತೆಯಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಚರ್ಮರೋಗದ ಹೊರರೋಗಿ ವಿಭಾಗವಿರುತ್ತದೆ: ಬೆಂಗಳೂರಿನಲ್ಲಿ ಬೌರಿಂಗ್, ವಿಕ್ಟೋರಿಯಾ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಹುಬ್ಬಳ್ಳಿಯಲ್ಲಿ ಜನ ಇನ್ನೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ಅಪರೂಪದ ಪ್ರಕರಣಗಳನ್ನು ಹಲವು ವೈದ್ಯರು ಒಟ್ಟಿಗೆ ನೋಡುವುದು ಇಂಥ ಕಡೆ ಸಿಗುವ ಲಾಭ. ಬ್ಯೂಟಿ ಪಾರ್ಲರಿನಲ್ಲಿ ಲೇಸರಿನಿಂದಲೋ ಕರೆಂಟಿನಿಂದಲೋ ಮಚ್ಚೆ ಸುಡಿಸಿಕೊಳ್ಳಬೇಡಿ. ಸುಟ್ಟ ಮಚ್ಚೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಲಾಗುವುದಿಲ್ಲ.

ಹೋಗುವ ದಿನ ತಲೆಗೆ ಎಣ್ಣೆ, ಬಣ್ಣ, ಕಾಡಿಗೆ ಹಚ್ಚಬೇಡಿ, ಕೂದಲನ್ನು ಬೋಳಿಸಲೂ ಬೇಡಿ. ಹಿಂದೆ ಹಚ್ಚಿದ ಎಲ್ಲದರ ಹೆಸರನ್ನು, ಮನೆಮದ್ದನ್ನೂ ಸೇರಿಸಿ, ಸಂಕೋಚಪಡದೆ ಹೇಳಿ. ಮನೆಯಲ್ಲಿ ತೊನ್ನು, ಥೈರಾಯ್ಡ್, ದುಂಡಗೆ ಕೂದಲು ಉದುರುವಿಕೆ ಯಾರಿಗಾದರೂ ಇದೆಯೇ ಎಂದು ವೈದ್ಯರು ಕೇಳುತ್ತಾರೆ. ಉಗುರುಗಳಲ್ಲಿ ಸೂಜಿಮೊನೆಯಂಥ ಗುಳಿಗಳಿವೆಯೇ, ಹುಬ್ಬು ತೆಳುವಾಗಿದೆಯೇ ಎಂದೂ ನೋಡುತ್ತಾರೆ. ಬಳಿಕ ಡರ್ಮೋಸ್ಕೋಪ್ ಎಂಬ, ಬೆಳಕಿರುವ ಭೂತಗನ್ನಡಿಯನ್ನು ಚರ್ಮಕ್ಕೆ ತಾಗಿಸಿ ಸುಮಾರು ಹತ್ತು ಪಟ್ಟು ದೊಡ್ಡದಾಗಿ ನೋಡುತ್ತಾರೆ. ಮಚ್ಚೆಯ ಒಳವಿನ್ಯಾಸವೂ ಬೋಳು ಜಾಗದ ಹಳದಿ, ಕಪ್ಪು ಚುಕ್ಕೆಗಳೂ ಅದರಲ್ಲಿ ಕಾಣುತ್ತವೆ, ನೋವೇನೂ ಇಲ್ಲ. ಹುಳುಕಡ್ಡಿಯ ಶಂಕೆಯಿದ್ದರೆ ಹೊಟ್ಟನ್ನು ಕೆರೆದು ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಸುಸ್ತು, ತೂಕದ ಏರಿಳಿತ ಇದ್ದರೆ ಥೈರಾಯ್ಡ್ ಪರೀಕ್ಷೆ ಬರೆದುಕೊಡಬಹುದು. ಮಚ್ಚೆಯ ಬಗ್ಗೆ ಸ್ವಲ್ಪ ಅನುಮಾನ ಉಳಿದರೂ ಬಯಾಪ್ಸಿಗೆ, ಅಂದರೆ ತುಣುಕು ತೆಗೆದು ಪರೀಕ್ಷಿಸಲು, ಹೇಳಿದರೆ ಹಿಂಜರಿಯಬೇಡಿ. ಚಾಕು ತಾಗಿದರೆ ಮಚ್ಚೆ ಕ್ಯಾನ್ಸರಾಗಿ ತಿರುಗುತ್ತದೆಂಬ ಮಾತು ನಮ್ಮಲ್ಲಿ ಬಹಳ ಹರಡಿದೆ, ಅದು ನಿಜವಲ್ಲ.

ಐದನೆಯ ಹೆಜ್ಜೆ: ಚಿಕಿತ್ಸೆಯನ್ನು ಆಯ್ದುಕೊಳ್ಳುವುದು

ಮಚ್ಚೆ ಸಾಧುವೆಂದು ಗೊತ್ತಾದ ಮೇಲೆ ಉಳಿಯುವುದು ಕೂದಲಿನ ಪ್ರಶ್ನೆ ಮಾತ್ರ, ಅದಕ್ಕೆ ಅವಸರವಿಲ್ಲ. ಸಣ್ಣ ಪ್ರಮಾಣದ ಅಲೋಪೇಶಿಯಾ ಏರಿಯಾಟಾದಲ್ಲಿ ಮೂವರಲ್ಲೊಬ್ಬರಿಂದ ಹಿಡಿದು ಇಬ್ಬರಲ್ಲೊಬ್ಬರವರೆಗೆ ಯಾವ ಚಿಕಿತ್ಸೆಯೂ ಇಲ್ಲದೆ ವರ್ಷದೊಳಗೆ ಕೂದಲು ಮರಳುತ್ತದೆ. ಆದ್ದರಿಂದ ಸುಮ್ಮನೆ ಕಾದು ನೋಡುವುದೂ ಒಂದು ಚಿಕಿತ್ಸೆಯೇ; ಹಾಗೆ ಹೇಳುವ ವೈದ್ಯರನ್ನು ಏನೂ ಕೊಡಲಿಲ್ಲವೆಂದು ದೂರಬೇಡಿ.

ಚಿಕಿತ್ಸೆ ಬೇಕೆನಿಸಿದರೆ ಮಕ್ಕಳಿಗೆ ಸಾಮಾನ್ಯವಾಗಿ ಪ್ರಬಲ ಸ್ಟಿರಾಯ್ಡ್ ಮುಲಾಮು ಅಥವಾ ಲೋಶನ್ನನ್ನು ನಿಗದಿತ ಅವಧಿಗೆ ಕೊಡುತ್ತಾರೆ. ದೊಡ್ಡವರಿಗೆ ಟ್ರಯಾಮ್ಸಿನೊಲೋನ್ ಚುಚ್ಚುಮದ್ದನ್ನು, ಇನ್ಸುಲಿನ್ನಿನ ಸಣ್ಣ ಸೂಜಿಯಿಂದ, ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಚರ್ಮದೊಳಗೆ ಹನಿಹನಿಯಾಗಿ ಕೊಡುತ್ತಾರೆ. ನಾಲ್ಕರಿಂದ ಆರು ವಾರಕ್ಕೊಮ್ಮೆ ಪುನರಾವರ್ತಿಸುತ್ತಾರೆ. ಚರ್ಮ ತೆಳುವಾಗಿ ಸಣ್ಣ ಗುಳಿ ಬೀಳುವುದು ಇದರ ಗೊತ್ತಿರುವ ಅಡ್ಡಪರಿಣಾಮ. ಆರು ತಿಂಗಳಾದರೂ ಹೊಸ ಕೂದಲು ಕಾಣದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಮಿನಾಕ್ಸಿಡಿಲ್ ದ್ರಾವಣವನ್ನು ಜೊತೆಗೆ ಕೊಡುವುದುಂಟು, ಗರ್ಭಿಣಿಯರು ಅದನ್ನು ಬಳಸಬಾರದು. ಬ್ಯಾರಿಸಿಟಿನಿಬ್ (ಅಮೆರಿಕದಲ್ಲಿ 2022ರಲ್ಲಿ ಅನುಮತಿ) ಮತ್ತು ರಿಟ್ಲೆಸಿಟಿನಿಬ್ (2023) ಎಂಬ ಹೊಸ ಮಾತ್ರೆಗಳ ಸುದ್ದಿ ಕೇಳಿರಬಹುದು. ಅವು ತಲೆಯ ಬಹುಭಾಗ ಬೋಳಾದವರಿಗಾಗಿ ಇರುವಂಥವು, ಒಂದು ನಾಣ್ಯದಗಲದ ಜಾಗಕ್ಕೆ ಅಲ್ಲ.

ಮಚ್ಚೆಯನ್ನೇ ಕತ್ತರಿಸಿ ತೆಗೆಸಿದರೆ? ತೆಗೆಸಿದರೆ ಕೂದಲು ಬಂದೇ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು. ಇಷ್ಟಕ್ಕೂ ನೆತ್ತಿಯಲ್ಲಿ ಹೊಲಿಗೆ ಬಿದ್ದ ಗೆರೆಯ ಮೇಲೆ ಕೂದಲು ಬೆಳೆಯುವುದಿಲ್ಲ. ಮರಳಬಹುದಾದ ಕೂದಲಿಗಾಗಿ ಎಂದೂ ಮರಳದ ಕಲೆಯನ್ನು ಪಡೆಯುವುದು ನನಗಂತೂ ಸರಿಯೆನಿಸದು. ಮಚ್ಚೆಯ ಬಗ್ಗೆಯೇ ಅನುಮಾನವಿದ್ದು ತೆಗೆಸುವುದು ಬೇರೆ ಮಾತು. ಆಗ ತೆಗೆದ ಭಾಗವನ್ನು ಫಾರ್ಮಾಲಿನ್ನಿನಲ್ಲಿಟ್ಟು ಹಿಸ್ಟೋಪೆಥಾಲಜಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಕಳುಹಿಸುವಂತೆ ಕೇಳಿ, ವರದಿಯ ಪ್ರತಿಯನ್ನು ಜೋಪಾನವಾಗಿಡಿ.

ಕಾಯುವ ದಿನಗಳು

ಅಲೋಪೇಶಿಯಾ ಏರಿಯಾಟಾ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಬಾಚಣಿಗೆ, ಟವೆಲು, ದಿಂಬು ಬೇರೆ ಇಡಬೇಕಿಲ್ಲ. ಇದನ್ನು ಶಾಲೆಯ ಶಿಕ್ಷಕಿಗೆ ಮೊದಲೇ ತಿಳಿಸಿದ್ದರಿಂದ ನಮ್ಮ ಹುಡುಗಿಗೆ ಬೆಂಚು ಬದಲಾಯಿಸುವ ಅವಮಾನ ತಪ್ಪಿತು. ಬೋರ್‌ವೆಲ್ ನೀರು, ಹೊಸ ಶಾಂಪೂ, ಅವರಿವರ ದೃಷ್ಟಿ ಇವುಗಳಲ್ಲಿ ಯಾವುದೂ ಕಾರಣವಲ್ಲವಾದ್ದರಿಂದ ಮಗುವನ್ನಾಗಲಿ ತಾಯಿಯನ್ನಾಗಲಿ ದೂಷಿಸಲು ಏನೂ ಇಲ್ಲ. ಜಡೆಯನ್ನು ಬಿಗಿಯಾಗಿ ಎಳೆಯದೆ, ಬೈತಲೆಯನ್ನು ಆ ಜಾಗದಿಂದ ಎರಡು ಬೆರಳು ಸರಿಸಿದರೆ ಮೇಲಿನ ಕೂದಲೇ ಅದನ್ನು ಮುಚ್ಚುತ್ತದೆ. ಬಿಸಿಲಿಗೆ ಹೋಗುವಾಗ ಟೋಪಿಯೋ ದುಪಟ್ಟವೋ ಇರಲಿ, ಕೂದಲಿಲ್ಲದ ನೆತ್ತಿ ಬೇಗ ಸುಡುತ್ತದೆ. ಕ್ಷೌರದಂಗಡಿಗೆ ಹೋಗುವ ಹುಡುಗರಾದರೆ ಕತ್ತರಿ, ಬ್ಲೇಡು ಮಚ್ಚೆಗೆ ತಾಗದಂತೆ ಕ್ಷೌರಿಕರಿಗೆ ಮೊದಲೇ ತೋರಿಸಿ.

ಹೊಸದಾಗಿ ಬರುವ ಕೂದಲು ಮೊದಮೊದಲು ಬಿಳಿಯಾಗಿರಬಹುದು. ನಾಲ್ಕನೆಯ ತಿಂಗಳ ಫೋಟೋದಲ್ಲಿ ನಮಗೆ ಕಂಡದ್ದು ಮಚ್ಚೆಯ ಸುತ್ತ ಜೇಡನ ನೂಲಿನಂಥ ಬಿಳಿಯ ರೋಮಗಳು. ಅವನ್ನು ನೋಡಿ ನನ್ನ ತಾಯಿ ಮತ್ತೆ ಗಾಬರಿಯಾದರು. ಬಣ್ಣದ ಕೋಶಗಳು ತಡವಾಗಿ ಕೆಲಸಕ್ಕೆ ಮರಳುತ್ತವೆ, ಅದಕ್ಕೆ ಬಣ್ಣ ಹಚ್ಚುವುದು ಬೇಡ ಎಂದು ವೈದ್ಯರು ಹೇಳಿದ್ದರು. ಎಂಟನೆಯ ತಿಂಗಳಿಗೆ ಅವು ಕಪ್ಪಾಗಿ, ಮಚ್ಚೆಯ ಮೇಲಿನ ಆ ಮೂರು ದಪ್ಪ ಕೂದಲುಗಳನ್ನು ಬೇರೆಯಾಗಿ ಗುರುತಿಸುವುದೇ ಕಷ್ಟವಾಯಿತು.

ಈ ತೊಂದರೆ ಮರುಕಳಿಸಬಹುದು, ಅದೇ ಜಾಗದಲ್ಲೂ ಬೇರೆ ಕಡೆಯಲ್ಲೂ. ಕೂದಲು ಬಂದ ಮೇಲೂ ಮಚ್ಚೆಯ ಫೋಟೋವನ್ನು ಮೂರು ತಿಂಗಳಿಗೊಮ್ಮೆ ನಾಣ್ಯವಿಟ್ಟು ತೆಗೆಯುತ್ತಿರಿ, ವರ್ಷಕ್ಕೊಮ್ಮೆ ಡರ್ಮೋಸ್ಕೋಪಿನಲ್ಲಿ ತೋರಿಸಿ. ಹಳೆಯ ಫೋಟೋಗಳನ್ನು ಫೋನಿನಲ್ಲಿ ಬೇರೆ ಫೋಲ್ಡರಿನಲ್ಲಿ, ದಿನಾಂಕದೊಂದಿಗೆ ಇಟ್ಟುಕೊಂಡರೆ ವೈದ್ಯರು ಬದಲಾದಾಗಲೂ ಕತೆಯನ್ನು ಮೊದಲಿನಿಂದ ಹೇಳಬೇಕಾಗುವುದಿಲ್ಲ.